ಕಾರು ಕಿರುಚದ ದಿನ

ನನಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದ್ದು ಅರುವತ್ತೊಂದನೆಯ ವಯಸ್ಸಿನಲ್ಲಿ. ಹೈಸ್ಕೂಲಿನ ಗಣಿತದ ಟೀಚರ್ ಸುಭಾಷಿಣಿ ನಿವೃತ್ತಿಯಾದ ಮೇಲೆ ಸ್ಟೇರಿಂಗ್ ಹಿಡಿಯುತ್ತಾಳಂತೆ ಎಂದು ಬನ್ನಂಜೆಯ ನಮ್ಮ ಓಣಿಯೆಲ್ಲ ನಕ್ಕಿತು. ನಗಲಿ, ಹಲ್ಲು ಅವರದು. ನಮ್ಮ ಯಜಮಾನರು ಯಜ್ಞನಾರಾಯಣ ಭಟ್ಟರು ಮಾತ್ರ ನಗಲಿಲ್ಲ, ಹೆದರಿದರು. ಊರವರ ಹೊಸ ಕಾರಿಗೆಲ್ಲ ಪೂಜೆ ಮಾಡಿ ಚಕ್ರದಡಿ ನಿಂಬೆಹಣ್ಣು ಇಡುವ ಪುರೋಹಿತರು ಸ್ವಂತ ಹೆಂಡತಿ ಓಡಿಸುವ ಕಾರಿನಲ್ಲಿ ಕೂರುವುದಿಲ್ಲ ಎಂದರೆ ಯಾರ ಹತ್ತಿರ ಹೇಳುವುದು?

ಕೊನೆಗೆ ಒಂದು ಒಪ್ಪಂದವಾಯಿತು. ಒಂದು ತಿಂಗಳು ಒಂದು ಗೀರೂ ಬೀಳದೆ ಓಡಿಸಿದರೆ ಅವರು ನನ್ನ ಪಕ್ಕದಲ್ಲಿ ಕೂತು ಕಾರ್ಕಳಕ್ಕೆ, ನನ್ನ ಅಕ್ಕನ ಮನೆಗೆ, ಹಲಸಿನ ಹಣ್ಣಿನ ಕಡುಬು ತಿನ್ನಲು ಬರಬೇಕು. ಗೀರು ಬಿದ್ದರೆ ಕಾರು ಮಣಿಪಾಲದಲ್ಲಿರುವ ಅವರ ತಮ್ಮನ ಮಗ ನಂದನನಿಗೆ. ನಾನು ಸೈ ಎಂದೆ. ಕಾಪುವಿನವರೆಗೆ ಹೈವೇಯಲ್ಲಿ ಒಬ್ಬಳೇ ಹೋಗಿ ಬಂದೆ, ಬಸ್ಸುಗಳು ಮೈಮೇಲೆ ಬಂದಂತೆ ಬಂದರೂ ಒಂದು ಗೀರು ಬೀಳಲಿಲ್ಲ.

ನಾಲ್ಕನೆಯ ವಾರ ಬ್ರೇಕ್ ಕಿರುಚಲು ಶುರುವಾಯಿತು. ಒತ್ತಿದಾಗಲೆಲ್ಲ ಮುಂದಿನ ಎಡ ಚಕ್ರ ಕೀಂಯ್ ಎನ್ನುತ್ತಿತ್ತು. ಎದುರು ಮನೆಯ ಕರುಣಾಕರನಿಗೆ ಅದೇ ಹಬ್ಬ. "ಟೀಚರ್ ಬಂದರು, ಎಲ್ಲರೂ ಗೇಟಿನ ಒಳಗೆ ಹೋಗಿ ಮಾರಾಯ್ರೆ!" ಎಂದು ದಿನಾ ಕೂಗುತ್ತಿದ್ದ. ಕಿವಿಗೆ ಹಾಕಿಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಳಗೆ ಬಂದು ಪಾತ್ರೆಗಳನ್ನು ದಡಬಡ ಕುಕ್ಕುತ್ತಿದ್ದೆ. ಆದರೂ ಗ್ಯಾರೇಜಿಗೆ ಒಯ್ಯಲಿಲ್ಲ. ಒಯ್ದರೆ ಯಜಮಾನರು "ನೋಡು, ಹಾಳು ಮಾಡಿದೆ" ಎಂದಾರು, ಕಾರ್ಕಳದ ಆದಿತ್ಯವಾರ ಕಳೆಯಲಿ ಎಂದುಕೊಂಡೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಶುಕ್ರವಾರ ಬೆಳಿಗ್ಗೆ ದೋಸೆ ಹೊಯ್ಯಲು ಹೋದರೆ ಕಾವಲಿಗೆ ಎಣ್ಣೆ ಸವರುವ ಬಟ್ಟೆ ಕಟ್ಟಿದ ಕಡ್ಡಿ ಕಾಣೆ. ಹುಡುಕಿ ಸಾಕಾಗಿ ಚಮಚದಲ್ಲೇ ಕೆಲಸ ಮುಗಿಸಿ, ಹರಿವೆ ಸೊಪ್ಪು ತರಲು ಅಲೆವೂರಿಗೆ ಹೊರಟೆ. ಆಶ್ಚರ್ಯ! ಓಣಿಯ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಸದ್ದೇ ಇಲ್ಲ. ಕರುಣಾಕರ ಬಾಯಿ ತೆರೆದವನು ಹಾಗೇ ಮುಚ್ಚಿದ. ನನಗೆ ಹಾಡಿಕೊಳ್ಳುವಷ್ಟು ಖುಷಿಯಾಯಿತು.

ಆ ಖುಷಿ ಅಲೆವೂರಿನ ಇಳಿಜಾರಿನವರೆಗೆ ಮಾತ್ರ. ಎದುರು ಒಂದು ದನ ಅಡ್ಡ ಬಂತು. ಒತ್ತಿದೆ. ಕಾರು ನಿಧಾನವಾಗಲಿಲ್ಲ, ಯಾರೋ ಕೈಹಿಡಿದು ಎಳೆದಂತೆ ಬಲಕ್ಕೆ ಹೊರಟಿತು. ಅಯ್ಯೋ ದೇವರೇ! ಕಾಲು ಬ್ರೇಕಿನಿಂದ ತೆಗೆಯದೆ ಗೇರ್ ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಸಿ, ಹ್ಯಾಂಡ್ ಬ್ರೇಕನ್ನು ಮೆಲ್ಲ ಮೆಲ್ಲ ಎಳೆದೆ. ದನ ತಪ್ಪಿತು. ಕಾರು ಮನೆ ಕಟ್ಟುವವರ ಹೊಯ್ಗೆ ರಾಶಿಗೆ ಮೂಗು ತೂರಿಸಿ, ಮರಳಿನಲ್ಲಿ ಹೂತು ನಿಂತಿತು.

ಬಂಪರಿನ ಮೇಲೆ ಗೇಣುದ್ದದ ಗೀರು. ಇಪ್ಪತ್ತೊಂಬತ್ತನೆಯ ದಿನ!

"ಬ್ರೇಕ್ ಅಂತ ಆಕ್ಸಿಲರೇಟರ್ ಒತ್ತಿರಬೇಕು, ಪ್ರಾಯ ಆಯಿತಲ್ವಾ" ಎಂದ ಸೇರಿದವರಲ್ಲೊಬ್ಬ. "ನಿಮ್ಮ ಹತ್ತಿರ ಯಾರು ಕೇಳಿದ್ದು?" ಎಂದು ಗದರಿದೆ. ಆದರೆ ಒಳಗೊಳಗೆ ಅನುಮಾನ. ಹೌದೋ ಏನೋ, ನನ್ನ ಕಾಲೇ ತಪ್ಪಿತೋ ಏನೋ. ಅಷ್ಟು ಸಣ್ಣವಳಾಗಿ ನಾನು ಎಂದೂ ನಿಂತಿರಲಿಲ್ಲ.

ಸಿದ್ದಣ್ಣನ ಗ್ಯಾರೇಜು ಅಲ್ಲೇ ಹತ್ತು ಹೆಜ್ಜೆ. ಬಾದಾಮಿ ಕಡೆಯವನು, ಬಂದು ಹದಿನೈದು ವರ್ಷವಾದರೂ ಮಾತು ಬದಲಾಗಿಲ್ಲ. ಅವನು ನಾಲ್ಕು ಜನರನ್ನು ಸೇರಿಸಿ ಕಾರನ್ನು ತಳ್ಳಿಸಿಕೊಂಡು ಹೋದ. ನನ್ನ ಫೋನ್ ಸಿಕ್ಕಿದ ಭಟ್ಟರು ಅಷ್ಟರಲ್ಲಿ ರಿಕ್ಷಾದಲ್ಲಿ ಬಂದಿಳಿದರು.

"ನಿನಗೆ ಎಂತ ಆಗಲಿಲ್ಲ ಅಲ್ವಾ?"

"ನನಗೆ ಎಂತ ಇಲ್ಲ. ಗೀರು ಬಿದ್ದಿದೆ. ತಕೊಳ್ಳಿ, ನಂದನನಿಗೆ ಕೊಡಿ" ಎಂದು ಕೀಲಿ ಚಾಚಿದೆ. ಅವರು ಕೈ ಮುಂದೆ ಮಾಡಲಿಲ್ಲ.

ಸಿದ್ದಣ್ಣ ಎಡ ಚಕ್ರ ಬಿಚ್ಚಿದ. ಬೆರಳಿನಿಂದ ಡಿಸ್ಕ್ ಮುಟ್ಟಿ ಮೂಸಿ ನೋಡಿದ. ಮತ್ತೊಮ್ಮೆ ಮೂಸಿದ.

"ಟೀಚರ್ರೀ, ಇದಕ್ಕ ಒಗ್ಗರಣಿ ಹಾಕಿದವರು ಯಾರ್ರೀ? ಕೊಬ್ಬರಿ ಎಣ್ಣಿ ಐತಿ!"

ನಾನು ಕಣ್ಣು ಕಣ್ಣು ಬಿಟ್ಟೆ. ಸಿದ್ದಣ್ಣ ಸವೆದ ಬ್ರೇಕ್ ಪ್ಯಾಡ್ ಹೊರಗೆ ತೆಗೆದು, ಅದರ ಅಂಚಿನ ಸಣ್ಣ ತಗಡು ತೋರಿಸಿದ. "ಪ್ಯಾಡ್ ಸವದ್ರ ಈ ತಗಡು ಡಿಸ್ಕಿಗೆ ತಾಗಿ ಕೂಗತೈತ್ರಿ. ಬದಲಿ ಮಾಡ್ರಿ ಅಂತ ಅದು ಕರಿಯೂದು. ಎಣ್ಣಿ ಹಾಕಿದ್ರ ಕೂಗು ನಿಂತ್ತು, ಹಿಡಿತಾನೂ ಹೋತು. ಎಡಕ್ಕ ಹಿಡಿಲಿಲ್ಲ, ಬಲಕ್ಕ ಹಿಡೀತು, ಅದಕ್ಕ ಗಾಡಿ ಬಲಕ್ಕ ಎಳೀತು. ನಿಮ್ಮ ಕಾಲಿಂದೇನೂ ತಪ್ಪಿಲ್ರಿ. ಯಾರೋ ಕಾರ್ ತೊಳಿಯಾವ ಮಾಡಿರಬೇಕು."

ಭಟ್ಟರು ಸುಮ್ಮನಿದ್ದಿದ್ದರೆ ಆ ಪಾಪ ಯಾವನೋ ಕಾಣದವನ ತಲೆಗೆ ಹೋಗುತ್ತಿತ್ತು. ಬಾಗಿಲು ಕಿರುಗುಟ್ಟಿದರೆ, ಮಂಡಿ ನೋವಾದರೆ, ಕೊಡೆ ಬಿಡಿಸಲಾಗದಿದ್ದರೆ ಎಲ್ಲಕ್ಕೂ ತೆಂಗಿನೆಣ್ಣೆಯೇ ಮದ್ದೆಂದು ನಂಬಿದವರು. ಅವರು ಮುಂದೆ ಬಂದು, ಹೆಗಲ ಶಾಲಿನೊಳಗೆ ಬೆಳಿಗ್ಗೆಯಿಂದ ಅಡಗಿಸಿಟ್ಟಿದ್ದ ನನ್ನ ದೋಸೆ ಕಡ್ಡಿ ತೆಗೆದು ಗ್ಯಾರೇಜಿನ ಟೇಬಲ್ಲಿನ ಮೇಲಿಟ್ಟರು.

"ಚಕ್ರದ ಸಂದಿಯಲ್ಲಿ ನಾನೇ ಸವರಿದ್ದು" ಎಂದರು. "ಆ ಕರುಣಾಕರ ದಿನಾ ತಮಾಷೆ ಮಾಡುವುದು, ನೀನು ಒಳಗೆ ಬಂದು ಪಾತ್ರೆ ಕುಕ್ಕುವುದು. ನನಗೆ ನೋಡಲಿಕ್ಕಾಗಲಿಲ್ಲ ಮಾರಾಯ್ತಿ."

ಸಿಟ್ಟು ಬಂತು. ಕೊಲ್ಲುವಷ್ಟು ಬಂತು. "ನಾನು ಸಾಯುತ್ತಿದ್ದೆನಲ್ಲ!" ಎಂದೆ. ಅವರು ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡರು. ನೋಡಿದವಳಿಗೆ ಅಳು ಬಂತು, ಅಳುವಿನ ನಡುವೆಯೇ ನಗು ಬಂತು. ಮೂರೂ ಒಟ್ಟಿಗೆ ಬಂದರೆ ಮನುಷ್ಯ ಮಾಡುವುದಾದರೂ ಏನು? ದೋಸೆ ಕಡ್ಡಿ ಹಿಡಿದುಕೊಂಡು ನಕ್ಕೆ.

"ಭಟ್ರ, ಟೀಚರ್ ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಸಾವಕಾಶ ಎಳದಾರ್ರಿ. ನನಗ ಅಷ್ಟು ಧೈರ್ಯ ಇರ್ತಿರಲಿಲ್ಲ" ಎಂದ ಸಿದ್ದಣ್ಣ. ಎರಡೂ ಬದಿಗೆ ಹೊಸ ಪ್ಯಾಡ್ ಹಾಕಿ, ಡಿಸ್ಕ್ ತೊಳೆದು, ಬ್ರೇಕ್ ಆಯಿಲ್ ನೋಡಿ, ತಾನೇ ಓಡಿಸಿ ನೋಡಿ ಕೊಟ್ಟ. ಭಟ್ಟರು ನನ್ನ ಕೈಯನ್ನು ಕೀಲಿಯ ಮೇಲೆ ಮುಚ್ಚಿ, "ಆ ಗೀರು ನನ್ನ ಲೆಕ್ಕಕ್ಕೆ" ಎಂದರು.

ಆದಿತ್ಯವಾರ ಅವರು ಪಕ್ಕದಲ್ಲಿ ಕೂತರು. ಮಣಿಪಾಲ ದಾಟುವವರೆಗೆ ವಿಷ್ಣು ಸಹಸ್ರನಾಮ. ಆಮೇಲೆ ಸದ್ದಿಲ್ಲ. ಓರೆಗಣ್ಣಿನಲ್ಲಿ ನೋಡಿದರೆ ಬಾಯಿ ತೆರೆದು ಗೊರಕೆ! ನನ್ನ ಕಾರಿನಲ್ಲಿ ಕೂರಲು ಹೆದರಿದ ಮನುಷ್ಯ ನಿದ್ದೆ ಮಾಡುತ್ತಿದ್ದರು. ಕಾರ್ಕಳದವರೆಗೆ ಒಂದು ಹಾರ್ನನ್ನೂ ಹಾಕದೆ ಓಡಿಸಿದೆ.

ಅಕ್ಕ ಬಿಸಿ ಕಡುಬು ಬಡಿಸಿ, ಬಟ್ಟಲು ಹಿಡಿದು ಬಂದಳು. "ತೆಂಗಿನೆಣ್ಣೆ ಹಾಕಲಾ ಭಾವ?"

ಭಟ್ಟರು ನನ್ನ ಮುಖ ನೋಡಿದರು.

"ಕಡುಬಿಗೆ ಹಾಕಬಹುದು" ಎಂದೆ ನಾನು.