ಒಳಗಿನ ಚಿಲಕ

ನಾನು ಒಂದು ಬಚ್ಚಲುಮನೆಯ ಬಾಗಿಲು. ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಹುಬ್ಬಳ್ಳಿಯ ಒಂದು ದೊಡ್ಡ ಮನೆಗಾಗಿ ಬಡಗಿ ನನ್ನನ್ನು ಮತ್ತಿಮರದಲ್ಲಿ ಮಾಡಿದ. ತಲೆಬಾಗಿಲಿಗೆ ಹಬ್ಬಹಬ್ಬಕ್ಕೆ ತೋರಣ, ದೇವರ ಕೋಣೆಯ ಬಾಗಿಲಿಗೆ ಗಂಟೆಸಾಲು, ನನಗೆ ದಿನವೂ ಬಿಸಿನೀರಿನ ಹಬೆ. ಆದರೆ ಅಳಬೇಕೆನಿಸಿದಾಗ ಮನೆಯವರೆಲ್ಲ ನನ್ನ ಹಿಂದೆಯೇ ಬಂದು ಚಿಲಕ ಹಾಕಿಕೊಳ್ಳುತ್ತಿದ್ದರು. ಆ ನಂಬಿಕೆಗೆ ಇಂದಿಗೂ ಋಣಿ.

ಐವತ್ತು ವರ್ಷದ ಮೇಲೆ ಮನೆ ಕೆಡವಿದರು. ನಾವು ಮೂರು ಬಾಗಿಲುಗಳೂ ಹಳೆ ಮರದ ಅಂಗಡಿ ಸೇರಿದೆವು. ನನ್ನ ಬುಡ ನೀರಿಗೆ ಕೊಳೆತಿತ್ತು. ಬಂದವರು ಕಾಲಿನಿಂದ ನನ್ನನ್ನು ಸರಿಸಿ ಮುಂದೆ ಹೋಗುತ್ತಿದ್ದರು. ಇನ್ನು ಸೌದೆಯೇ ಗತಿ ಎಂದುಕೊಂಡೆ.

ಅಷ್ಟರಲ್ಲಿ ಕಸ್ತೂರಿ ಎಂಬಾಕೆ ಬಡಗಿ ಮೌಲಾಸಾಬರನ್ನು ಕರೆದುಕೊಂಡು ಬಂದು ನಮ್ಮನ್ನು ಕೊಂಡಳು. ಅವಳ ಅತ್ತೆ ನೀಲವ್ವ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು, ಬೇರೆ ಹೆಂಗಸರಿಗೆ ಪರದೆ ಎಳೆಯುತ್ತಲೇ ವಯಸ್ಸು ಕಳೆದವಳು. ಈಗ ಸೊಂಟ ಮುರಿದು, ಒಂದೇ ಕೋಣೆಯ ಮನೆಯಲ್ಲಿ, ಬಂದುಹೋಗುವವರ ಎದುರೇ ಮಲಗಿದ್ದಳು. ಸೀರೆ ಕಟ್ಟಿ ಮರೆ ಮಾಡಿದರೆ ಫ್ಯಾನಿನ ಗಾಳಿಗೆ ಹಾರುತ್ತಿತ್ತು. ಎಲ್ಲರೆದುರು ಬೆಡ್‌ಪ್ಯಾನ್ ಕೇಳಬೇಕಲ್ಲ ಎಂದು ಮುದುಕಿ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ತುಟಿ ಒಡೆದಿತ್ತು. ಡಾಕ್ಟರು ಬೈದರೂ ಕೇಳಿರಲಿಲ್ಲ.

ಮೌಲಾಸಾಬರು ನನ್ನ ಕೊಳೆತ ಬುಡ ಕೊಯ್ದು, ಉಳಿದಿಬ್ಬರನ್ನೂ ನನ್ನ ಎತ್ತರಕ್ಕೇ ಇಳಿಸಿದರು. ತಲೆಬಾಗಿಲಿನ ಜಂಬ ಅಂದೇ ಇಳಿಯಿತು. ನನ್ನನ್ನು ನಡುವೆ ಇಟ್ಟು, ಬಿಜಾಗರಿ ಹಾಕಿ ಮೂವರನ್ನೂ ಸೇರಿಸಿ, ಮಂಚದ ಪಕ್ಕ ಮಡಚುವ ಪರದೆಯಂತೆ ಅಂಕುಡೊಂಕಾಗಿ ನಿಲ್ಲಿಸಿದರು. ಹಿತ್ತಾಳೆಯ ಚಿಲಕವನ್ನು ಉಜ್ಜಿ, ಬಂದವರಿಗೆ ಕಾಣಲೆಂದು ಆ ಮೈಯನ್ನು ಹೊರಗೆ ಮಾಡಿದ್ದರು.

“ಚಿಲಕ ನನ್ನ ಕಡೆ ಇರ್ಲಿ,” ಎಂದಳು ನೀಲವ್ವ.

“ಹಾಕಾಕ ಚೌಕಟ್ಟ ಇಲ್ಲಲ್ರಿ ಅವ್ವಾರ.”

“ಇರ್ಲಿ ಬಿಡಪಾ. ಒಳಗ ಇದ್ರ ಸಾಕು.”

ಅವರು ನಮ್ಮನ್ನು ತಿರುಗಿಸಿ ನಿಲ್ಲಿಸಿದರು.

ಸಂಜೆ ಮಗ ಈರಣ್ಣ ಕೆಲಸದಿಂದ ಬಂದ. ನಮ್ಮ ಪಕ್ಕದಲ್ಲಿ ಆಳು ನಡೆದುಹೋಗುವಷ್ಟು ಜಾಗವಿತ್ತು. ಆದರೂ ಅವನು ನಿಂತು ನನ್ನ ಮೈ ತಟ್ಟಿದ. “ಯವ್ವಾ, ಬರ್ಲೇನು?”

ಒಳಗೆ ನೀಲವ್ವ ಸೆರಗು ಸರಿಮಾಡಿಕೊಂಡಳು.

“ಬಾ. ಒಂದ ತಂಬಿಗಿ ನೀರು ತಗೊಂಬಾ.”

ನೀಲವ್ವ ತಂಬಿಗೆ ಕೆಳಗಿಡದೆ ಕುಡಿದಳು. ಕಸ್ತೂರಿ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಈಗ ನನಗೂ ವಯಸ್ಸಾಗಿದೆ, ಅಲ್ಲಲ್ಲಿ ಬಿರುಕು ಬಿಟ್ಟಿದ್ದೇನೆ. ಸೌದೆಯಾಗಬೇಕಿದ್ದವನನ್ನು ಉಳಿಸಿದ ಆ ಸೊಸೆಗೆ, ಬಡಗಿಗೆ ನಾನು ಏನು ತಾನೇ ಕೊಡಬಲ್ಲೆ? ನನ್ನ ಚಿಲಕ ಯಾವುದಕ್ಕೂ ಸಿಕ್ಕಿಕೊಳ್ಳುವುದಿಲ್ಲ. ಆದರೂ ಮೈ ಒರೆಸುವ ಹೊತ್ತಿಗೆ ನೀಲವ್ವ ದಿನವೂ ಕೈಚಾಚಿ ಅದನ್ನು ಸರಿಸುತ್ತಾಳೆ. ಆ ಸದ್ದು ಕೇಳಿದರೆ ಸಾಕು, ಯಾರೂ ಈಚೆ ಬರುವುದಿಲ್ಲ.