ದೊರೆಯ ಮೂಗಿನಷ್ಟು ಕಿಂಡಿ

ನಾನು ಒಂದು ಕೋಳಿ ಮಂಕರಿ, ಬಿದಿರಿನ ಬುಟ್ಟಿ. ಬೋರಲು ಹಾಕಿದರೆ ಕೋಳಿಗೆ ಮನೆ, ಅಂಗಾತ ಇಟ್ಟರೆ ಕಾವಿಗೆ ಕೂತ ಹೇಂಟೆಗೆ ತೊಟ್ಟಿಲು. ಈ ಎರಡು ಕೆಲಸವಲ್ಲದೆ ಮೂರನೆಯದನ್ನೂ ಒಮ್ಮೆ ಮಾಡಿದ್ದೇನೆ. ಒಂದು ನಾಯಿಗೆ ಶಾಲೆಯಾಗಿದ್ದೆ. ಹೇಳಿಕೊಳ್ಳಲು ನನಗೆ ಸ್ವಲ್ಪ ಜಂಬವೇ, ಇರಲಿ.

ನನ್ನನ್ನು ಹೆಣೆದವನು ಮೇದರ ಗವಿರಂಗಯ್ಯ. ಹಸಿ ಬಿದಿರನ್ನು ಸೀಳಿ, ನೀರಲ್ಲಿ ನೆನೆಸಿ, ಕಾಲ ಹೆಬ್ಬೆರಳಲ್ಲಿ ಅದುಮಿಕೊಂಡು ಒಂದೇ ಮಧ್ಯಾಹ್ನದಲ್ಲಿ ನನಗೆ ಹೊಟ್ಟೆ ಬರಿಸಿದ. ಮರಿಗಳಿಗೆ ಗಾಳಿ ಆಡಬೇಕು, ಮುಂಗುಸಿಯ ಮೂತಿ ತೂರಬಾರದು ಎಂದು ಬೆರಳಗಲ ಸಂದು ಬಿಟ್ಟಿದ್ದ. ಅವನ ಲೆಕ್ಕ ಸರಿಯಾಗೇ ಇತ್ತು. ಆದರೆ ಸಂತೆಯಿಂದ ಬರುವಾಗ ಬಸ್ಸಿನ ಟಾಪಿನ ಮೇಲೆ ಯಾರದೋ ನೇಗಿಲು ನನ್ನ ಪಕ್ಕೆಗೆ ಒರಗಿ ಎರಡು ದಬ್ಬೆ ಮುರಿದವು. ಹೀಗೆ ಹೊಸ ಮನೆಗೆ ನಾನು ಕಾಲಿಟ್ಟದ್ದೇ ತೂತು ಪಕ್ಕೆಯೊಂದಿಗೆ.

ಕೊಂಡವಳು ಹೊನ್ನಾಜಮ್ಮ. ನಾಲೆ ಬದಿಯ ಆ ಊರಿನಲ್ಲಿ ಕೋಳಿ ಎಂದರೆ ಅವಳು, ಅವಳೆಂದರೆ ಕೋಳಿ. ಪ್ರತಿಯೊಂದಕ್ಕೂ ಹೆಸರಿಟ್ಟಿದ್ದಳು. ಬಾಯಿ ಮಾತ್ರ ಬಲು ಜೋರು. ನನ್ನ ಕಿಂಡಿಯನ್ನು ನೋಡಿದಾಗಲೆಲ್ಲ, “ನಾಳಿಕ್ ಒಂದು ಹಗ್ಗ ಸುತ್ಬೇಕು ಇದ್ಕೆ,” ಎನ್ನುತ್ತಿದ್ದಳು. ಆ ನಾಳೆ ಬರಲೇ ಇಲ್ಲ.

ಎರಡು ವರ್ಷದ ಮೇಲೆ ಅವಳ ಮಗ ಮರೀಗೌಡನಿಗೆ ಮದುವೆಯಾಯಿತು. ಸೊಸೆ ಇಂದ್ರಾಣಿ ಪಿರಿಯಾಪಟ್ಟಣದ ಕಡೆಯವಳು. ಹೊಸಿಲು ದಾಟಿ ಬಂದಾಗ ಜೊತೆಗೆ ಒಂದು ಟ್ರಂಕು, ಒಂದು ನಾಯಿ. ಅಣ್ಣ ಸಾಕಿದ್ದ ನಾಯಿ ಅದು. ತಂಗಿ ಅಳುವುದನ್ನು ನೋಡಲಾರದೆ ಹಗ್ಗವನ್ನೇ ಅವಳ ಕೈಗೆ ಕೊಟ್ಟು ಕಳಿಸಿದ್ದನಂತೆ. ಹೆಸರು ದೊರೆ. ಹೊನ್ನಾಜಮ್ಮನಿಗೆ ಅಷ್ಟೇ ಸಾಕಾಯಿತು. “ದೊರೆಗೋಳು ಎದ್ರಾ? ಊಟಕ್ಕೆ ಮಣೆ ಹಾಕವಾ?” ಎಂದು ಬೆಳಗಾಗೆದ್ದು ಚುಚ್ಚುತ್ತಿದ್ದಳು. ಇಂದ್ರಾಣಿ ದೊರೆಯ ತಲೆ ಸವರುತ್ತಿದ್ದಳು. ಆ ಮನೆಯಲ್ಲಿ ಅವಳನ್ನು ಮೊದಲಿನಿಂದ ಬಲ್ಲ ಜೀವ ಅದೊಂದೇ.

ತಿಂಗಳು ತುಂಬುವುದರೊಳಗೆ ಆಗಬಾರದ್ದು ಆಯಿತು. ಹೊನ್ನಾಜಮ್ಮನ ಅಚ್ಚುಮೆಚ್ಚಿನ ಹೇಂಟೆ ಚುಕ್ಕಿ, ಬೂದಿಗುಂಡಿಯಲ್ಲಿ ಮೈ ಹೊರಳಿಸುತ್ತಿತ್ತು. ದೊರೆ ನೆಗೆದ, ಒಂದು ಸಲ ಕೊಡವಿದ. ಮುಗಿಯಿತು. ಕೊಂದೆ ಎಂಬ ಅರಿವೂ ಅವನಿಗೆ ಇದ್ದಂತಿರಲಿಲ್ಲ. ಆಟ ಯಾಕೆ ನಿಂತಿತು ಎಂಬಂತೆ ಕಾಲಿಂದ ಅದನ್ನು ತಟ್ಟುತ್ತಿದ್ದ.

ಆ ಸೀಮೆಯಲ್ಲಿ ಇದಕ್ಕೊಂದು ಹಳೆಯ ಔಷಧವಿದೆ. ಕೊಂದ ಕೋಳಿಯನ್ನು ನಾಯಿಯ ಕೊರಳಿಗೇ ಕಟ್ಟುವುದು. ಕೊಳೆತು ಉದುರುವವರೆಗೆ ಹೊತ್ತು ತಿರುಗಿದರೆ ಜನ್ಮದಲ್ಲಿ ಕೋಳಿಯ ತಂಟೆಗೆ ಹೋಗುವುದಿಲ್ಲವೆಂದು ನಂಬಿಕೆ. ಹೊನ್ನಾಜಮ್ಮ ಕಣ್ಣೊರೆಸಿಕೊಳ್ಳುತ್ತಲೇ ಚುಕ್ಕಿಯನ್ನು ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದು ಕಟ್ಟಿದಳು. ಮೂರು ದಿನ ದೊರೆ ಅನ್ನ ನೀರು ಮುಟ್ಟಲಿಲ್ಲ. ಹಗ್ಗ ಉಜ್ಜಿ ಕತ್ತು ಗಾಯವಾಯಿತು. ಅವನು ಕಲಿತದ್ದು ಒಂದೇ, ಹೊನ್ನಾಜಮ್ಮನ ಕೈ ಕಂಡರೆ ನಡುಗುವುದು. ಕೋಳಿ ಕಂಡರೆ ಕಿವಿ ಮೊದಲಿನಂತೆಯೇ ನಿಮಿರುತ್ತಿತ್ತು.

ನಾಲ್ಕನೆಯ ದಿನ ಇಂದ್ರಾಣಿ ಕುಡುಗೋಲು ತಂದು ಹಗ್ಗ ಕೊಯ್ದಳು. ಸೊಸೆಯ ದನಿ ಆ ಮನೆಯಲ್ಲಿ ಮೊದಲ ಬಾರಿ ಏರಿದ್ದು ಅಂದೇ.

“ಅದ್ಕೆ ಹೇಳ್ಕೊಡ್ದೆ ಹೆಂಗ್ ಗೊತ್ತಾಯ್ತದೆ ಅತ್ತೆ? ನಾನು ಕಲುಸ್ತಿನಿ. ಒಸಿ ದಿನ ಕೊಡಿ.”

“ಕಲುಸ್ತಾಳಂತೆ, ಮೇಷ್ಟ್ರು!” ಹೊನ್ನಾಜಮ್ಮ ಸೆರಗು ಕೊಡವಿದಳು. “ಇವತ್ತು ಬೂದಿ ಹೇಂಟೆನ ಕಾವಿಗೆ ಕೂರುಸ್ತಾ ಇವ್ನಿ. ಮರಿಯಾಗಿ ಅಂಗಳುಕ್ ಇಳಿಯೋಗಂಟ ಅವಧಿ. ಆಮೇಲೂ ಅದು ಬಾಯಿ ಹಾಕುದ್ರೆ, ನನ್ ತಮ್ಮ ಜವರಪ್ಪನ ಕುರಿಮಂದೆ ಹಿಂದೆ ಓಯ್ತದೆ ನಿನ್ ದೊರೆ. ಆಯ್ತಾ?”

ಜವರಪ್ಪನ ಮಂದೆ ಒಂದೂರಿನಲ್ಲಿ ನಿಲ್ಲುವಂಥದ್ದಲ್ಲ. ಹೋದ ನಾಯಿ ಮತ್ತೆ ಕಣ್ಣಿಗೆ ಬೀಳುವುದು ಸುಳ್ಳು. ಇಂದ್ರಾಣಿ ಆಗಲಿ ಎಂದಳು.

ನನ್ನೊಳಗೆ ಹೊಟ್ಟು ಹರಡಿ, ಬೆಸ ಸಂಖ್ಯೆ ಇರಬೇಕೆಂದು ಹನ್ನೊಂದು ಮೊಟ್ಟೆ ಇಟ್ಟು, ಮೇಲೆ ಬೂದಿ ಹೇಂಟೆಯನ್ನು ಕೂರಿಸಿ ಜಗಲಿಯ ಮೂಲೆಗೆ ತಂದಿಟ್ಟರು. ಮೊಟ್ಟೆ ಒಡೆಯಲು ಇಪ್ಪತ್ತೊಂದು ದಿನ. ಶಾಲೆ ಶುರುವಾಯಿತು.

ಬೆಳಗ್ಗೆ ಇಂದ್ರಾಣಿ ದೊರೆಯನ್ನು ಹೊಲದವರೆಗೆ ಓಡಿಸಿ ದಣಿಸಿಕೊಂಡು ಬರುತ್ತಿದ್ದಳು. ಅಂಗಳದ ಆಚೆಯ ನುಗ್ಗೆ ಮರದ ಬುಡದಲ್ಲಿ ಗೂಟ ಹೊಡೆದು ಕಟ್ಟಿ, ಪಕ್ಕದಲ್ಲಿ ಮೊರ ಹಿಡಿದು ಅವರೆಕಾಳು ಹಸನು ಮಾಡುತ್ತ ಕೂರುತ್ತಿದ್ದಳು. ಅವನು ಬೂದಿಯನ್ನೇ ದುರುಗುಟ್ಟಿ ನೋಡುವಷ್ಟು ಹೊತ್ತೂ ಸುಮ್ಮನಿರುವಳು. ಬೈಗುಳವಿಲ್ಲ, ಏಟಿಲ್ಲ. ಬೇಸರವಾಗಿ ಅವಳ ಮುಖ ನೋಡಿದನೋ, “ಭಲೆ ದೊರೆ!” ಎಂದು ಒಂದು ತುಣುಕು ಮುದ್ದೆ. ದಿನಕ್ಕೊಂದು ಹೆಜ್ಜೆ ನನ್ನತ್ತ ಗೂಟ ಸರಿಯುತ್ತಿತ್ತು. ಅವನು ಹಗ್ಗ ಜಗ್ಗಿದ ದಿನ ಎರಡು ಹೆಜ್ಜೆ ಹಿಂದಕ್ಕೆ. ಓಣಿಯ ಹೆಂಗಸರು ನಿಂತು ನೋಡಿ ನಕ್ಕು ಹೋದರು.

ಇನ್ನೊಂದು ಮಾತಿದೆ. ಅದು ಗೊತ್ತಿರುವುದು ನನಗೂ ಬೂದಿಗೂ ಮಾತ್ರ.

ಮಧ್ಯಾಹ್ನ ಇಂದ್ರಾಣಿ ಕಳೆ ಕೀಳಲು ಹೋದ ಮೇಲೆ ಹೊನ್ನಾಜಮ್ಮ ಮೆಲ್ಲಗೆ ಹೊರಗೆ ಬರುತ್ತಿದ್ದಳು. ಮೊದಲ ದಿನ ಕೈಯಲ್ಲಿ ಹರಳೆಣ್ಣೆಯ ಬಟ್ಟಲಿತ್ತು. ದೊರೆ ನಡುಗುತ್ತ ಮರಕ್ಕೆ ಅಂಟಿಕೊಂಡ. ಅವಳು ದೂರದಲ್ಲೇ ಕುಕ್ಕರಗಾಲಲ್ಲಿ ಕೂತು, “ನನ್ ಕಂಡ್ರೆ ಇಂಗ್ ನಡುಗ್ಬೇಡ ಕಲಾ, ನಂಗೆ ಎಂಗೋ ಆಯ್ತದೆ,” ಎಂದಳು. ಮೂರನೆಯ ದಿನ ಅವನು ಕತ್ತು ಕೊಟ್ಟ. ಗಾಯಕ್ಕೆ ಎಣ್ಣೆ ಸವರಿದಳು. ಆಮೇಲೆ ದಿನವೂ ಉಪ್ಸಾರಲ್ಲಿ ಅದ್ದಿದ ಮುದ್ದೆ ಹಿಡಿದು, ಸೊಸೆ ಮಾಡಿದ್ದನ್ನೇ ತಾನೂ ಮಾಡುವಳು. “ಕೋಳಿ ನೋಡ್ಬೇಡ, ಇತ್ಲಾಗ್ ನೋಡು, ಕಳ್ಳ. ಆಂ, ಅಂಗೆ!” ಬೇಲಿಯ ದಣಪೆಯ ಹತ್ತಿರ ಸೊಸೆಯ ಸದ್ದಾದರೆ ಸಾಕು, ಧಡಕ್ಕನೆದ್ದು, “ದರಿದ್ರ ನಾಯಿ, ಬಿಸ್ಲಲ್ಲಿ ಬಿದ್ದದೆ!” ಎಂದು ಗೊಣಗುತ್ತ ಒಳಗೆ ನಡೆಯುವಳು. ನನಗೆ ಬಾಯಿದ್ದಿದ್ದರೆ ನಕ್ಕುಬಿಡುತ್ತಿದ್ದೆ.

ಹನ್ನೊಂದರಲ್ಲಿ ಒಂಬತ್ತು ಮರಿಯಾದವು. ನನ್ನನ್ನು ಅಂಗಳದಲ್ಲಿ ಬೋರಲು ಹಾಕಿ ಒಳಗೆ ತಾಯಿ ಮಕ್ಕಳನ್ನು ಮುಚ್ಚಿದರು. ಆ ಹೊತ್ತಿಗೆ ಗೂಟ ನನ್ನ ಪಕ್ಕಕ್ಕೇ ಬಂದಿತ್ತು. ದೊರೆಗೆ ನನ್ನ ಕಿಂಡಿ ಸಿಕ್ಕಿತು. ಅಳತೆ ತೆಗೆದು ಮಾಡಿಸಿದಂತೆ ಅವನ ಮೂಗು ಅದರಲ್ಲಿ ಕೂರುತ್ತಿತ್ತು. ಬಿಸಿ ಉಸಿರು ಒಳಗೆ ನುಗ್ಗಿದಾಗ ನನ್ನ ಒಂದೊಂದು ದಬ್ಬೆಯೂ ಬಿಗಿಯಿತು. ಒಂದು ಮರಿ ಬಂದು ಆ ಒದ್ದೆ ಕರಿ ಮೂಗನ್ನು ಕಾಳೆಂದುಕೊಂಡು ಕುಟುಕಿತು. ದೊರೆ ಫಟ್ಟನೆ ಸೀನಿದ. ತಿರುಗಿ ಇಂದ್ರಾಣಿಯ ಮುಖ ನೋಡಿದ. ಅಂದು ಅವನಿಗೆ ಅರ್ಧ ಮುದ್ದೆ ಸಿಕ್ಕಿತು.

ಐದು ದಿನ ಕಳೆದ ಮೇಲೆ ಜವರಪ್ಪ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹೊಸ ಹಗ್ಗ. “ಎಲ್ಲಕ್ಕಾ ನಾಯಿ?”

“ಒಸಿ ತಡಿಯಪ್ಪ. ಮಾತು ಮಾತೇ,” ಎಂದಳು ಹೊನ್ನಾಜಮ್ಮ. ಸೊಸೆಗೆ ದೊರೆಯ ಹಗ್ಗ ಬಿಚ್ಚಲು ಹೇಳಿ, ತಾನೇ ಬಂದು ನನ್ನನ್ನು ಎತ್ತಿದಳು.

ಮರಿಗಳು ಅಂಗಳದ ತುಂಬ ಚೆಲ್ಲಿಕೊಂಡವು. ದೊರೆ ನಿಂತಲ್ಲೇ ನಿಂತ. ಬಾಲ ಸೆಟೆಯಿತು, ಬಾಯಿಂದ ಜೊಲ್ಲು ಸುರಿಯಿತು. ಒಂದು ಮರಿ ಅವನ ಮುಂಗಾಲ ಮೇಲೇ ಹತ್ತಿತು. ದೊರೆ ಮೆಲ್ಲಗೆ ಮುಖ ಆಚೆ ತಿರುಗಿಸಿದ.

ಅಷ್ಟರಲ್ಲಿ ಬೂದಿಗೆ ಸಿಟ್ಟು ಬಂತು. ಮೈಯೆಲ್ಲ ಕೆದರಿಕೊಂಡು ಎಗರಿ ಅವನ ಕಿವಿಯನ್ನೇ ಕಚ್ಚಿ ಜಗ್ಗಿತು. ದೊರೆ ಕುಂಯ್ಯೋ ಎಂದು ಕಿರುಚಿದ, ಓಡಿದ. ಇಂದ್ರಾಣಿಯ ಹತ್ತಿರಕ್ಕಲ್ಲ. ನೇರ ಹೊನ್ನಾಜಮ್ಮನ ಸೀರೆಯ ಹಿಂದೆ ಹೋಗಿ ಅವಿತುಕೊಂಡ. ಬೂದಿ ಅಲ್ಲಿಗೂ ಬಂತು.

“ಏಯ್, ಬುಡೇ ಅದ್ನ! ಏನ್ ಮಾಡ್ತು ಪಾಪ ಅದು ನಿಂಗೆ?” ಹೊನ್ನಾಜಮ್ಮ ತನ್ನ ಕೋಳಿಯನ್ನೇ ಸೆರಗು ಬೀಸಿ ಅಟ್ಟಿದಳು.

ಅಂದ ಮೇಲಷ್ಟೇ ತಾನು ನಾಯಿಯ ಪರ ವಹಿಸಿದ್ದು ಅವಳಿಗೆ ಅರಿವಾಯಿತು. ಜವರಪ್ಪ ಗಹಗಹಿಸಿ ನಕ್ಕು ಹಗ್ಗ ಸುತ್ತಿಕೊಂಡ. ಇಂದ್ರಾಣಿ ನಗಲು ಹೋಗಿ ಅತ್ತಳು. ಗಾಬರಿಯಲ್ಲಿ ನಾಯಿಗೆ ದಿಕ್ಕು ತಪ್ಪಿತೆಂದೇ ಅವಳು ಇಂದಿಗೂ ತಿಳಿದಿದ್ದಾಳೆ.

ದೊರೆ ಹನ್ನೊಂದು ವರ್ಷ ಬದುಕಿದ. ಕೊನೆಗಾಲದಲ್ಲಿ ಕಣ್ಣು ಮಂಜಾಗಿ ಅಂಗಳದಲ್ಲಿ ಮಲಗಿದರೆ ಬೂದಿಯ ಮರಿಮಕ್ಕಳು ಅವನ ಬೆನ್ನ ಮೇಲೆ ಬಿಸಿಲು ಕಾಯುತ್ತಿದ್ದವು. ಹೊನ್ನಾಜಮ್ಮ ಬಂದವರಿಗೆಲ್ಲ, “ನಾನೇ ಕಲ್ಸಿದ್ದು ಕನ್ರವ್ವ,” ಎನ್ನುವಳು. ಇಂದ್ರಾಣಿ ಒಮ್ಮೆಯೂ ಅಲ್ಲವೆನ್ನಲಿಲ್ಲ. ಅವನು ಹೋದ ಮರುವರ್ಷ ಹೊನ್ನಾಜಮ್ಮನೂ ಹೋದಳು. ಆ ಬಾಯಿ ನಿಂತ ಮೇಲೆ ಅಂಗಳ ಎಷ್ಟು ದೊಡ್ಡದೆಂದು ನನಗೆ ತಿಳಿಯಿತು. ಇಬ್ಬರೂ ನನಗೆ ಬಹಳ ನೆನಪಾಗುತ್ತಾರೆ.

ಈಗ ಮನೆಯಲ್ಲಿ ಪ್ಲಾಸ್ಟಿಕ್ ಬುಟ್ಟಿಗಳಿವೆ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯುತ್ತ ಬಿದ್ದಿದ್ದೆ. ಹೊಗೆ ಹಿಡಿದ ಬಿದಿರಿಗೆ ಹುಳು ಬೀಳುವುದಿಲ್ಲ, ಹಾಗಾಗಿ ಉಳಿದೆ. ಮೊನ್ನೆ ಇಂದ್ರಾಣಿಯ ಮಗಳು ಎಲ್ಲಿಂದಲೋ ಒಂದು ನಾಯಿಮರಿ ತಂದಳು. ಬಂದ ದಿನವೇ ಅದು ಹುಂಜವನ್ನು ಅಟ್ಟಿಸಿಕೊಂಡು ಹೋಯಿತು. ಇಂದ್ರಾಣಿ ಏಣಿ ಹಾಕಿ ನನ್ನನ್ನು ಇಳಿಸಿದಳು. ತಲೆ ನರೆಯಲು ಶುರುವಾಗಿದೆ ಅವಳಿಗೆ. ಅಂಗಳದಲ್ಲಿ ಬೋರಲು ಹಾಕಿ, ಒಳಗೆ ಮರಿಗಳನ್ನು ಬಿಟ್ಟು, ಗೂಟ ಹೊಡೆದಳು.

“ಈ ತೂತ್ಗೆ ಒಂದು ಹಗ್ಗ ಸುತ್ಲಾ ಅವ್ವಾ?” ಎಂದಳು ಮಗಳು.

“ಬ್ಯಾಡ, ಇರ್ಲಿ ಅದು. ನಾಯಿಗ್ ಒಡೀಬೇಡ, ಬೈಬೇಡ, ಮುದ್ದೆ ಹಿಡ್ಕಂಡು ಸುಮ್ಕೆ ಕೂತ್ಕೊ. ನಮ್ಮತ್ತೆ ಇಂಗೇ ಕಲ್ಸಿದ್ದು ದೊರೆಗೆ.”

ಹೇಳಿ, ಮಗಳಿಗೆ ಕಾಣದಂತೆ ಮುಖ ತಿರುಗಿಸಿ ಸಣ್ಣಗೆ ನಕ್ಕಳು. ತೀರಿಹೋದ ಅತ್ತೆಯ ಮರ್ಯಾದೆಗೆ ಒಂದು ಸುಳ್ಳು ಹೇಳಿದೆನೆಂದು ಅವಳೆಣಿಕೆ. ಅದು ಸುಳ್ಳಲ್ಲವೆಂದು ಬಲ್ಲವರಲ್ಲಿ ಉಳಿದಿರುವವನು ನಾನೊಬ್ಬನೇ, ನನಗೆ ಬಾಯಿಲ್ಲ.