ಗಾದಿ ಎಲ್ಲಿ ಹಾಸಬೇಕು

ಹೀರೋಯಿನ್ನುಗಳ ಬದಲಿಗೆ ಬೀಳುವುದು ನನ್ನ ಕೆಲಸ. ಬೀಳುವುದಕ್ಕೂ ಸಂಬಳವೇ ಎಂದು ನಮ್ಮ ಚಾಳಿನ ಹೆಂಗಸರು ನಗುತ್ತಾರೆ. ನಗಲಿ, ಒಮ್ಮೆ ಬಿದ್ದು ನೋಡಿದರೆ ಗೊತ್ತಾಗುತ್ತದೆ.

ಆ ದಿನ ಗೋರೆಗಾಂವಿನ ಸೆಟ್ಟಿನಲ್ಲಿ ನಾನು ಎತ್ತರದ ಹಲಗೆಯ ಕಟ್ಟೆಯಿಂದ ಹಗ್ಗ ಹಿಡಿದು ಜಿಗಿಯಬೇಕಿತ್ತು. ಆಚೆ ಕಡೆಗೆ ತೂಗಿ, ಹಗ್ಗ ಪೂರ್ತಿ ಏರಿ ನಿಂತ ಕ್ಷಣ ಕೈಬಿಟ್ಟು ನೇರ ಕೆಳಗೆ ಬೀಳಬೇಕು. ಕೆಳಗೆ ಒಂದು ದಪ್ಪ ಗಾದಿ, ಸುತ್ತ ಬರೀ ಕಾಂಕ್ರೀಟು. ಗಾದಿ ಎಲ್ಲಿ ಹಾಸಬೇಕೆಂದು ತಿಳಿಯಲು ನಮ್ಮಲ್ಲೊಂದು ಪದ್ಧತಿ ಇದೆ. ಮೊದಲು ನನ್ನ ತೂಕದ ಮರಳಿನ ಚೀಲವನ್ನು ಹಾಗೇ ತೂಗಿಸಿ ಬೀಳಿಸುತ್ತಾರೆ. ಚೀಲ ಬಿದ್ದಲ್ಲಿ ಗಾದಿ.

ಅವತ್ತು ಚೀಲ ಬೀಳಿಸಲಿಲ್ಲ. ನನ್ನ ತಂಗಿ ಭುವನೇಶ್ವರಿ ಕಾಲೇಜಿನಲ್ಲಿ ಪ್ರೋಗ್ರಾಂ ಬರೆಯಲು ಈಗಷ್ಟೇ ಕಲಿಯುತ್ತಿದ್ದಾಳೆ. ಹಗ್ಗದ ಉದ್ದ, ಅದು ಏರುವ ಕೋನ ಎರಡನ್ನು ಕೊಟ್ಟರೆ ಹಗ್ಗ ಕಟ್ಟಿದ ಜಾಗದ ನೇರ ಕೆಳಗಿನಿಂದ ನಾನು ಎಷ್ಟು ದೂರದಲ್ಲಿ ಬೀಳುತ್ತೇನೆಂದು ಹೇಳುವ ಪ್ರೋಗ್ರಾಂ ಬರೆದು, ಲ್ಯಾಪ್‌ಟಾಪ್ ಹೊತ್ತು ಸೆಟ್ಟಿಗೇ ಬಂದಿದ್ದಳು. ಉದ್ದವನ್ನು ಕೋನದ ಸೈನ್‌ನಿಂದ ಗುಣಿಸಿದರೆ ಮುಗಿಯಿತಂತೆ. ಇಪ್ಪತ್ತು ಅಡಿ ಹಗ್ಗ, ನಲವತ್ತೈದು ಡಿಗ್ರಿ ಎಂದು ಕೊಟ್ಟಳು. ಹದಿನೇಳು ಅಡಿ ಎಂದು ಬಂತು.

"ಬೆಳಕ ಹೊಂಟೈತಿ. ಚೀಲದ ಆಟ ಸಾಕು, ಕಂಪ್ಯೂಟರ ಹೇಳೇತಲ್ಲ" ಎಂದರು ನಮ್ಮ ಫೈಟ್ ಮಾಸ್ಟರ್ ಶ್ರೀಶೈಲ. ಆತುರಗಾರನಿಗೆ ಬುದ್ಧಿ ಮಟ್ಟ. ಆದರೆ ಯಾರನ್ನು ಬೈಯಲಿ? ತಂಗಿಯ ಲೆಕ್ಕ ಎಂದು ನಾನೂ ಎದೆಯುಬ್ಬಿಸಿಕೊಂಡೇ ಕಟ್ಟೆ ಹತ್ತಿದೆ. ಹದಿನೇಳು ಅಡಿಗೆ ಗಾದಿ ಹಾಸಿದರು.

ಆಗ ಕ್ಯಾಮೆರಾದ ಸುಹಾಸ ತಗಾದೆ ತೆಗೆದ. "ಮಾಸ್ಟರ್, ಫ್ರೇಮ್ ಕೆ ಬಾಹರ್ ಜಾ ರಹೀ ಹೈ. ತೀಸ್ ಡಿಗ್ರಿ ಕರೋ ನಾ."

ನಾನು ಫ್ರೇಮಿನಾಚೆ ಹೋಗುತ್ತೇನಂತೆ, ಕೋನ ಮೂವತ್ತಾಗಬೇಕಂತೆ. ಭುವಿ ಮೂವತ್ತು ಹಾಕಿದಳು. ಮಾಸ್ಟರ್ ಬಗ್ಗಿ ನೋಡಿ ನಕ್ಕರು. "ಮೈನಸ್ ಇಪ್ಪತ್ತ ಅಂತ. ಮಾದೇವಿ, ನೀ ಹಿಂದಕ್ಕ ಹಾರಿ ಬೀಳ್ತಿ ನೋಡು."

ಎಲ್ಲರೂ ನಕ್ಕರು, ಮೇಲಿದ್ದ ನಾನೂ ನಕ್ಕೆ. ಭುವಿ ಮಾತ್ರ ನಗಲಿಲ್ಲ. ಡೈರೆಕ್ಟರು ಬೆಳಕು ನೋಡಿ, ಮೊದಲಿನಂತೆ ನಲವತ್ತೈದೇ ಇರಲಿ ಎಂದು ಕೂಗಿದರು. ಕ್ಲ್ಯಾಪ್ ಬಿತ್ತು. ನಾನು ಜಿಗಿದೆ.

ಕಿವಿಯಲ್ಲಿ ಗಾಳಿ ಸುಯ್ಯೆಂದಿತು. ಹಗ್ಗ ತಳಕ್ಕಿಳಿದು ಮತ್ತೆ ಏರತೊಡಗಿತು. ಬೆರಳು ಸಡಿಲಿಸುವ ಹೊತ್ತಿಗೆ ಭುವಿಯ ದನಿ ಕೇಳಿತು.

"ಅಕ್ಕಾ, ಕೈ ಬಿಡಬ್ಯಾಡ!"

ಅರ್ಧ ಬಿಚ್ಚಿದ್ದ ಮುಷ್ಟಿಯನ್ನು ಮತ್ತೆ ಬಿಗಿದೆ. ಹಗ್ಗ ಜಾರಿ ಅಂಗೈ ಸುಲಿಯಿತು. ಕೆಳಗೆ ನೋಡಿದರೆ ನನ್ನ ಕಾಲಡಿ ಗಾದಿಯ ಅಂಚು, ನನ್ನ ಬೆನ್ನಡಿ ಬರೀ ನೆಲ. ಹಗ್ಗ ನಿಲ್ಲುವ ತನಕ ಅತ್ತಿಂದಿತ್ತ ಜೋಲಾಡಿದೆ. ನನಗೆ ಜೀವಭಯವಾದದ್ದು ಆಗಲೇ.

ಇಳಿಸಿದ ಮೇಲೆ ಭುವಿ ಹೇಳಿದಳು. "ಸೈನ್ ಮೂವತ್ತ ಅಂದ್ರ ಅರ್ಧ ಅಕ್ಕ. ಹತ್ತನೇ ಕ್ಲಾಸಿನ್ಯಾಗ ಬಾಯಿಪಾಠ ಮಾಡಿದ್ದೆ. ಇಪ್ಪತ್ತರ ಅರ್ಧ ಹತ್ತ ಬರಬೇಕು, ಮೈನಸ್ ಎಲ್ಲಿಂದ ಬಂತು? ನಾ ಡಿಗ್ರಿ ಕೊಟ್ಟೀನಿ, ಅದು ರೇಡಿಯನ್ ಅಂತ ತಿಳಕೊಂಡೈತಿ. ಕೋನಕ್ಕ ಅದು ಬ್ಯಾರೆ ಅಳತಿ. ನಲವತ್ತೈದಕ್ಕ ಖರೇ ಅನ್ನಂಗ ಸುಳ್ಳ ಹೇಳಿತು. ನಿಜವಾಗಿ ಹದಿನಾಲ್ಕ."

ಮಾಸ್ಟರ್ ಮುಖ ಒರೆಸಿಕೊಂಡು ಗಾದಿಯನ್ನು ಪಕ್ಕಕ್ಕೆ ಎಳೆದರು. ಭುವಿ ಲ್ಯಾಪ್‌ಟಾಪ್ ಮುಚ್ಚಿದಳು. "ಇನ್ನ ಇದನ್ನ ಮುಟ್ಟಂಗಿಲ್ಲ. ಕಾಲೇಜೂ ಸಾಕು."

ನನಗೆ ಸಿಟ್ಟು ನೆತ್ತಿಗೇರಿತು. "ನಾ ಬಿದ್ದಾಗೆಲ್ಲ ಕೆಲಸ ಬಿಟ್ಟಿದ್ರ ನಿನ್ನ ಫೀ ಯಾರ ಕಟ್ತಿದ್ರು? ತೆಗಿ ಅದನ್ನ. ಸರಿ ಮಾಡು."

ಡಿಗ್ರಿಯನ್ನು ರೇಡಿಯನ್‌ಗೆ ತಿರುಗಿಸುವ ಒಂದು ಸಾಲು ಸೇರಿಸಿದಳು. ಸುಹಾಸ ಕೇಳಿದ ಮೂವತ್ತೇ ಇರಲಿ ಎಂದಾಯಿತು, ಹಗ್ಗ ಅಷ್ಟೇ ಏರಲೆಂದು ಕಟ್ಟೆ ತಗ್ಗಿಸಿದರು. ಮಾಸ್ಟರ್ ಮರಳಿನ ಚೀಲ ತರಿಸಿದರು.

"ಚೀಲ ಆಮ್ಯಾಲೆ" ಎಂದೆ. "ಮೊದಲ ನೀ ಹೇಳು, ಗಾದಿ ಎಲ್ಲಿ?"

"ಬ್ಯಾಡಕ್ಕ. ಚೀಲ ಬೀಳಲಿ, ನೋಡೂಣು."

"ನೀ ಹೇಳು."

"ಹತ್ತ" ಎಂದಳು, ಕೇಳಿಸೀತೋ ಇಲ್ಲವೋ ಎಂಬಂತೆ. ಟೇಪು ಹಿಡಿದು ಅಳೆದು ಅಲ್ಲಿ ಸೀಮೆಸುಣ್ಣದಲ್ಲಿ ಗೀಟು ಹಾಕಿದಳು. ಚೀಲ ತೂಗಿತು, ಏರಿತು, ಬಿತ್ತು. ಎತ್ತಿ ನೋಡಿದರೆ ಸೀಮೆಸುಣ್ಣದ ಗೀಟು ಚೀಲದ ನಡುವಿಗೇ ಅಂಟಿತ್ತು. ಭುವಿ ಅಲ್ಲೇ ಕುಕ್ಕರಿಸಿ ಅತ್ತಳು.

ಅಂಗೈಗೆ ಬಟ್ಟೆ ಸುತ್ತಿ ನಾನು ಮತ್ತೆ ಕಟ್ಟೆ ಹತ್ತಿದೆ. ಭುವಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು, ಕಣ್ಣು ಮಾತ್ರ ಮುಚ್ಚಿರಲಿಲ್ಲ. ಹಗ್ಗ ತೂಗಿ, ಏರಿ, ನಿಂತಿತು. ನಾನು ಗಾದಿಯ ಕಡೆ ನೋಡಲಿಲ್ಲ, ಅವಳನ್ನೇ ನೋಡುತ್ತ ಕೈಬಿಟ್ಟೆ.